ಜೈಲಿಂದ ಬಂದ ತಮ್ಮ, ಮುಂದಿನ ತಿಂಗಳ ಹಿಯರಿಂಗ್, ಮತ್ತು ಕೈ ಮೇಲಿನ ಸೂಜಿ ಗುರುತು

ಪ್ರಶ್ನೆ: ಡಾಕ್ಟ್ರೇ, ನಮ್ಮದು ತುಮಕೂರು ಹತ್ತಿರದ ಊರು. ತಮ್ಮನಿಗೆ 24 ವರ್ಷ, ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡುತ್ತಿದ್ದ. ಹೋದ ತಿಂಗಳು ಪೊಲೀಸರು ಹಿಡಿದಾಗ ಜೇಬಲ್ಲಿ 40 ಗ್ರಾಂ ಗಾಂಜಾ ಇತ್ತಂತೆ. ಮನೆಗೆ ಹೇಳಿರಲಿಲ್ಲ, ಶ್ಯೂರಿಟಿಗೆ ಯಾರೂ ಇರಲಿಲ್ಲ, 11 ದಿನ ಜೈಲಲ್ಲಿದ್ದ. ಬೇಲ್ ಆಗಿ ಮನೆಗೆ ಬಂದು ನಾಲ್ಕು ದಿನ ಆಯಿತು. ಮುಂದಿನ ತಿಂಗಳು ಹಿಯರಿಂಗ್ ಇದೆ. ಲಾಯರ್ 'ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಿ' ಅಂತಾರೆ. ಅಪ್ಪ 'ಇನ್ನೂ ಆರು ತಿಂಗಳು ಒಳಗೇ ಇದ್ದಿದ್ದರೆ ಬುದ್ಧಿ ಬರುತ್ತಿತ್ತು' ಅಂತಾರೆ. ಮಾವ ಒಂದು ರಿಹ್ಯಾಬ್ ಗೊತ್ತು ಮಾಡಿದ್ದಾರೆ, ಅವರೇ ವ್ಯಾನ್ ತಂದು ಎತ್ತಿಕೊಂಡು ಹೋಗುತ್ತಾರಂತೆ. ಜೈಲು, ಕೋರ್ಟು, ಚಿಕಿತ್ಸೆ, ಇದರಲ್ಲಿ ಯಾವುದರಿಂದ ಚಟ ಬಿಡುತ್ತದೆ ಅಂತ ಯಾರಾದರೂ ಸಂಶೋಧನೆ ಮಾಡಿದ್ದಾರಾ? ಇನ್ನೊಂದು ವಿಷಯ, ಅವನ ಎಡಗೈ ಮೇಲೆ ಸೂಜಿ ಚುಚ್ಚಿದ ಗುರುತುಗಳಿವೆ. ಕೇಳಿದರೆ 'ಅದು ನೋವಿನ ಮಾತ್ರೆ ಅಕ್ಕಾ, ಈಗ ಬಿಟ್ಟಿದ್ದೀನಿ' ಅಂದ.

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಪಾಲು ಗಾಂಜಾ ಕೇಸಿನ ಬಗ್ಗೆ ಇದೆ. ಸೂಜಿ ಗುರುತನ್ನು ಕೊನೆಯಲ್ಲಿ 'ಇನ್ನೊಂದು ವಿಷಯ' ಅಂತ ಸೇರಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಕೇಸಿಗೆ ಇನ್ನೂ ಒಂದು ತಿಂಗಳು ಟೈಮಿದೆ. ಇದಕ್ಕೆ ಅಷ್ಟು ಟೈಮಿಲ್ಲ.

ನೋವಿನ ಮಾತ್ರೆಯನ್ನು ಸಿರಿಂಜಲ್ಲಿ ತೆಗೆದುಕೊಳ್ಳುವುದು ನಮ್ಮ ರಾಜ್ಯದಲ್ಲಿ ಈಗ ಹೊಸದೇನಲ್ಲ. ಟಪೆಂಟಡಾಲ್ ಅನ್ನುವ ಹೆಸರನ್ನು ನೀವು ಪೇಪರಿನಲ್ಲೂ ಓದಿರಬಹುದು. ಇಂಥ ಮಾತ್ರೆಗಳು ಓಪಿಯಾಯ್ಡ್ ಗುಂಪಿನವು, ಅಂದರೆ ಅಫೀಮು, ಹೆರಾಯಿನ್ ಇರುವ ಗುಂಪು. ನಿಮ್ಮ ತಮ್ಮ ತೆಗೆದುಕೊಂಡಿದ್ದು ಯಾವ ಮಾತ್ರೆ ಅಂತ ಅವನ ಬಾಯಲ್ಲೇ ಕೇಳಿ ತಿಳಿಯಬೇಕು. ಈ ಗುಂಪಿನದೇ ಆಗಿದ್ದರೆ ವಿಷಯ ಹೀಗಿದೆ. ದಿನಾ ತೆಗೆದುಕೊಂಡರೆ ಮೈ ಒಗ್ಗಿಕೊಳ್ಳುತ್ತದೆ, ಮೊದಲು ಒಂದು ಮಾತ್ರೆಗೆ ಸಿಗುತ್ತಿದ್ದ ನಶೆಗೆ ಆಮೇಲೆ ನಾಲ್ಕು ಬೇಕಾಗುತ್ತದೆ, ಬೇರೆಯವರಾದರೆ ಪ್ರಾಣವೇ ಹೋಗುವಷ್ಟು ತೆಗೆದುಕೊಂಡರೂ ಅವನು ಎದ್ದು ಓಡಾಡುತ್ತಿರುತ್ತಾನೆ. ಜೈಲಲ್ಲಿ 11 ದಿನ ಸಿಗದೇ ಇದ್ದಾಗ ಆ ಒಗ್ಗಿಕೊಂಡಿದ್ದು ಇಳಿದುಹೋಗಿರುತ್ತದೆ. ತಲೆಯಲ್ಲಿ ಮಾತ್ರ ಹಳೇ ಲೆಕ್ಕವೇ ಇರುತ್ತದೆ. ಹೊರಗೆ ಬಂದು, ಹಳೇ ಫ್ರೆಂಡ್ ಸಿಕ್ಕು, ಹಳೇ ಅಳತೆಯಲ್ಲೇ ಒಂದು ಸಲ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದ 30 ಸಾವಿರಕ್ಕೂ ಜಾಸ್ತಿ ಜನರ ದಾಖಲೆ ತೆಗೆದು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಮೊದಲ ಎರಡು ವಾರದಲ್ಲಿ ಅವರ ಸಾವಿನ ಪ್ರಮಾಣ ಅದೇ ರಾಜ್ಯದ ಬೇರೆ ಜನರಿಗಿಂತ ಸುಮಾರು 12.7 ಪಟ್ಟು ಇತ್ತು. ಡ್ರಗ್ ಓವರ್‌ಡೋಸ್ ಸಾವನ್ನಷ್ಟೇ ಲೆಕ್ಕ ಹಾಕಿದರೆ 129 ಪಟ್ಟು. ಆಮೇಲೆ ಬೇರೆ ದೇಶಗಳಲ್ಲೂ ನೋಡಿದರು. ಸಂಖ್ಯೆ ಹೆಚ್ಚು ಕಡಿಮೆ ಆಯಿತು, ಆದರೆ ಬಿಡುಗಡೆಯಾದ ಮೊದಲ ವಾರಗಳೇ ಅಪಾಯ ಅನ್ನುವುದು ಬದಲಾಗಲಿಲ್ಲ. ಅಲ್ಲಿನ ಪಟ್ಟು ಲೆಕ್ಕವನ್ನು ತುಮಕೂರಿಗೆ ಹಾಗೇ ತಂದು ಕೂರಿಸಲು ಆಗುವುದಿಲ್ಲ, ಅಲ್ಲಿನ ಡ್ರಗ್ಸ್ ಬೇರೆ, ಜೈಲು ಬೇರೆ. ಮೈ ಕೆಲಸ ಮಾಡುವ ರೀತಿ ಮಾತ್ರ ಎಲ್ಲ ಕಡೆ ಒಂದೇ. ನಿಮ್ಮ ತಮ್ಮ ಈಗ ಆ ಎರಡು ವಾರದ ಒಳಗೇ ಇದ್ದಾನೆ.

ಹಾಗಾಗಿ ಇವತ್ತೇ ಕೂತು ಮಾತಾಡಿ. ಬೈಯಬೇಡಿ. 'ಬಿಟ್ಟಿದ್ದೀಯ ಅಂದೆ, ಒಳ್ಳೇದು, ಆದರೆ ಅಕಸ್ಮಾತ್ ತಗೊಂಡರೆ ಹಳೇ ಅಳತೆ ಈಗ ತಡೆಯಲ್ಲ' ಅಂತ ನೇರವಾಗಿ ಹೇಳಿ. ಇದನ್ನು ಹೇಳಿದರೆ ಕುಮ್ಮಕ್ಕು ಕೊಟ್ಟ ಹಾಗಾಗುತ್ತದೆ ಅಂತ ಮನೆಯವರು ಹೆದರುತ್ತಾರೆ. ಆಗುವುದಿಲ್ಲ. ಎಣ್ಣೆ (ಮದ್ಯ) ಹಾಕಿಕೊಂಡು ಅಥವಾ ನಿದ್ರೆ ಮಾತ್ರೆ ಜೊತೆಗೆ ತೆಗೆದುಕೊಂಡರೆ ಅಪಾಯ ಇನ್ನೂ ಜಾಸ್ತಿ ಅಂತಲೂ ಹೇಳಿ. ರಾತ್ರಿ ಬಾಗಿಲು ಒಳಗಿನಿಂದ ಲಾಕ್ ಮಾಡಿಕೊಳ್ಳಬೇಡ ಅನ್ನಿ. ಎಬ್ಬಿಸಿದರೆ ಏಳದೆ ಇದ್ದರೆ, ಯಾವತ್ತಿನ ಹಾಗಲ್ಲದೆ ಗೊರ ಗೊರ ಅಂತ ಗೊರಕೆ ಬರುತ್ತಿದ್ದರೆ, ಉಸಿರಿಗೂ ಉಸಿರಿಗೂ ಮಧ್ಯೆ ತುಂಬಾ ಹೊತ್ತು ಆಗುತ್ತಿದ್ದರೆ, ತುಟಿ ಅಥವಾ ಉಗುರು ನೀಲಿಯಾಗಿದ್ದರೆ 108ಕ್ಕೆ ಫೋನ್ ಮಾಡಿ, ಉಸಿರಾಡುತ್ತಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ, ಆಂಬುಲೆನ್ಸ್‌ನವರಿಗೆ 'ನೋವಿನ ಮಾತ್ರೆ, ಇಂಜೆಕ್ಷನ್' ಅಂತ ಮುಚ್ಚಿಡದೆ ಹೇಳಿ. ನಾಲಾಕ್ಸೋನ್ ಅಂತ ಒಂದು ಇಂಜೆಕ್ಷನ್ ಇದೆ, ಇದೇ ಗುಂಪಿನ ಔಷಧಿಯ ಪರಿಣಾಮವನ್ನು ನಿಮಿಷಗಳಲ್ಲಿ ಇಳಿಸುತ್ತದೆ. ಏನು ತೆಗೆದುಕೊಂಡಿದ್ದಾನೆ ಅಂತ ಗೊತ್ತಾದರೆ ಡಾಕ್ಟರಿಗೆ ಅದು ಬೇಗ ಹೊಳೆಯುತ್ತದೆ.

ಇನ್ನು ಚಿಕಿತ್ಸೆ. ಓಪಿಯಾಯ್ಡ್ ಚಟಕ್ಕೆ ಬುಪ್ರಿನಾರ್ಫಿನ್ ಅಂತ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಇದೆ, ಮೆಥಡೋನ್ ಅಂತ ಕುಡಿಯುವ ಔಷಧಿ ಇದೆ. ಮನೆಯವರು ಇದನ್ನು ಕೇಳಿದ ಕೂಡಲೇ ಹೇಳುವ ಮಾತು ನನಗೆ ಬಾಯಿಪಾಠ: 'ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸ್ತೀರಾ?' ಪ್ರಶ್ನೆ ಸಹಜವೇ. 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮೆಥಡೋನ್ ಚಿಕಿತ್ಸೆಯಲ್ಲಿ ಇದ್ದಾಗ ಸಾವಿನ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ ಸುಮಾರು 11, ಚಿಕಿತ್ಸೆ ಬಿಟ್ಟಾಗ 36 ಇತ್ತು. ಬುಪ್ರಿನಾರ್ಫಿನ್‌ಗೆ ಅದೇ ಲೆಕ್ಕ ಸುಮಾರು 4 ಮತ್ತು 9. ಮನೋವೈದ್ಯಕೀಯದಲ್ಲಿ ಇಷ್ಟು ಸ್ಪಷ್ಟವಾಗಿ ಪ್ರಾಣ ಉಳಿಸುವ ಔಷಧಿಗಳು ಜಾಸ್ತಿ ಇಲ್ಲ. ಬಿಪಿ ಮಾತ್ರೆ ವರ್ಷಗಟ್ಟಲೆ ತಿನ್ನುವವರನ್ನು ನಾವು 'ಮಾತ್ರೆ ಚಟ' ಅನ್ನುವುದಿಲ್ಲ ಅಲ್ವಾ? ಇದನ್ನೂ ಹಾಗೇ ನೋಡಿ.

ಬುಪ್ರಿನಾರ್ಫಿನ್ ಎಲ್ಲ ಮೆಡಿಕಲ್ ಶಾಪಲ್ಲೂ ಸಿಗುವುದಿಲ್ಲ, ಸಿಗಲೂಬಾರದು. ಸುಮ್ನೆ ಯಾರಿಂದಲೋ ತಂದು ಶುರು ಮಾಡುವ ಔಷಧಿಯೂ ಅಲ್ಲ, ಮೈಯಲ್ಲಿ ಬೇರೆ ಓಪಿಯಾಯ್ಡ್ ಇರುವಾಗಲೇ ಕೊಟ್ಟರೆ ನಶೆ ಬಿಟ್ಟಾಗ ಬರುವ ಸಂಕಟ ಒಮ್ಮೆಲೇ ಕಿತ್ತುಕೊಂಡು ಬರುತ್ತದೆ. ನಿಮ್ಮ ತಮ್ಮ ಎರಡು ವಾರದಿಂದ ನಿಜವಾಗಿಯೂ ಮುಟ್ಟಿಲ್ಲ ಅಂದರೆ ನಾಲ್ಟ್ರೆಕ್ಸೋನ್ ಅನ್ನುವ ಇನ್ನೊಂದು ಮಾತ್ರೆಯನ್ನೂ ಡಾಕ್ಟರು ಯೋಚಿಸಬಹುದು. ಅದು ನಶೆ ಏರುವುದನ್ನೇ ತಡೆಯುತ್ತದೆ. ಆದರೆ ಅದನ್ನು ಯಾರಾದರೂ ಎದುರಿಗೆ ನಿಂತು ನುಂಗಿಸದಿದ್ದರೆ ಹುಡುಗರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ. ಬಿಟ್ಟರೆ ಒಗ್ಗಿಕೊಂಡಿಲ್ಲದ ಮೈ, ಮತ್ತೆ ಅದೇ ಅಪಾಯ. ಯಾವುದು ಸರಿ ಅಂತ ಅವನನ್ನು ನೋಡಿದ ಡಾಕ್ಟರೇ ಹೇಳಬೇಕು. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಚಟದ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ನಿಮಗೆ ಹತ್ತಿರ ಅಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ. ಸೂಜಿ ಬಳಸುವವರಿಗೆ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಈ ಚಿಕಿತ್ಸೆ ಕೊಡುವ ಕೇಂದ್ರಗಳೂ ಇವೆ, ಹತ್ತಿರದ್ದು ಯಾವುದು ಅಂತ ಜಿಲ್ಲಾಸ್ಪತ್ರೆಯಲ್ಲಿ ಕೇಳಿದರೆ ಹೇಳುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ ಅದೇ ದಿನ ಮಾಡಿಸಿ. ಹೆಪಟೈಟಿಸ್ ಸಿ ಈಗ ಕೆಲವು ತಿಂಗಳ ಮಾತ್ರೆಯಲ್ಲೇ ಗುಣವಾಗುವ ಕಾಯಿಲೆ, ಗೊತ್ತಾಗದೆ ಉಳಿದರೆ ಲಿವರ್ ಹಾಳು.

ಈಗ ಅಪ್ಪನ ಮಾತಿಗೆ ಬರೋಣ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಊರಲ್ಲಿ ತಲೆ ಎತ್ತಿ ನಡೆಯುವುದು ಹೇಗೆ ಅನ್ನುವ ಸಂಕಟದಲ್ಲಿ ಬಂದ ಮಾತದು. ಆದರೆ ಜೈಲಿನಲ್ಲಿ ಚಟ ಬಿಡುತ್ತದೆ ಅನ್ನುವುದಕ್ಕೆ ಆಧಾರ ತೀರಾ ಕಡಿಮೆ. ಜೈಲು ಶಿಕ್ಷೆಯನ್ನೂ ಜೈಲಿಲ್ಲದ ಶಿಕ್ಷೆಯನ್ನೂ ಹೋಲಿಸಿದ 116 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ 2021ರಲ್ಲಿ ಬಂತು. ಜೈಲಿಗೆ ಹೋಗಿ ಬಂದವರು ಮತ್ತೆ ಅಪರಾಧ ಮಾಡುವುದು ಕಡಿಮೆಯೇನೂ ಆಗಿರಲಿಲ್ಲ, ಸ್ವಲ್ಪ ಜಾಸ್ತಿಯೇ ಆಗಿತ್ತು. ನಮ್ಮದೇ ಲೆಕ್ಕ ಬೇಕೆಂದರೆ ನಿಮ್ಹಾನ್ಸ್‌ನವರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಅವರಲ್ಲಿ 79.6% ಜನರಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು, ಮದ್ಯ, ತಂಬಾಕಿನಂಥ ಚಟದ ತೊಂದರೆ ಇತ್ತು. ಚಟವನ್ನು ಬದಿಗಿಟ್ಟು ನೋಡಿದರೂ 27.6% ಜನರಿಗೆ ಮಾನಸಿಕ ಕಾಯಿಲೆ. ಬುದ್ಧಿ ಕಲಿಯಲಿ ಅಂತ ನಾವು ಕಳಿಸುವ ಜಾಗದಲ್ಲಿ ಅವನ ಪಕ್ಕದಲ್ಲಿ ಮಲಗುವವರು ಯಾರು ಅಂತ ಈ ಅಂಕಿಯೇ ಹೇಳುತ್ತದೆ.

ಜೈಲಲ್ಲಿ ಬಿಡುವುದು ಅಂದರೆ ಏನು ಅಂತ ಅಪ್ಪನಿಗೆ ಸ್ವಲ್ಪ ಹತ್ತಿರದಿಂದ ಹೇಳಬೇಕು. ನನ್ನ ಓಪಿಡಿಗೆ ಬರುವ ಹುಡುಗರು ಹೇಳುವುದು ಹೆಚ್ಚು ಕಡಿಮೆ ಒಂದೇ ಥರ. ಮೊದಲ ದಿನ ಬರೀ ಆಕಳಿಕೆ, ಕಣ್ಣು ಮೂಗಲ್ಲಿ ನೀರು, ಜನ ನೆಗಡಿ ಅಂದುಕೊಳ್ಳುತ್ತಾರೆ. ಎರಡನೇ ದಿನ ಮೈಯೆಲ್ಲ ರೋಮ ಎದ್ದು, ಕಾಲಿನ ಮೂಳೆ ಒಳಗಿಂದ ಸೆಳೆಯುತ್ತದೆ, ಯಾರಾದರೂ ಕಾಲು ತುಳಿದರೆ ಸಾಕು ಅನ್ನಿಸುತ್ತದೆ, ಹೊಟ್ಟೆ ಹಿಂಡಿ ಭೇದಿ, ವಾಂತಿ, ನಿದ್ರೆ ಅಂತೂ ಇಲ್ಲವೇ ಇಲ್ಲ. ತುಂಬಿದ ಬ್ಯಾರಕ್ಕಿನಲ್ಲಿ, ಎಲ್ಲರಿಗೂ ಸೇರಿ ಒಂದು ಟಾಯ್ಲೆಟ್ ಇರುವ ಕಡೆ, ಪಕ್ಕದವನ ಬೈಗುಳ ಕೇಳುತ್ತಾ ಇದನ್ನು ಕಳೆಯಬೇಕು. ಮೂರು ನಾಲ್ಕು ದಿನಕ್ಕೆ ಜೋರು ಇಳಿಯುತ್ತದೆ. ಆಗ ಮನೆಯವರು 'ನೋಡಿ, ಬಿಟ್ಟೇಬಿಟ್ಟ' ಅನ್ನುತ್ತಾರೆ. ಮೈಯಿಂದ ಮದ್ದು ಇಳಿದಿದೆ ಅಷ್ಟೇ. ಬೇಕು ಅನ್ನುವುದು ತಿಂಗಳುಗಟ್ಟಲೆ ಉಳಿದಿರುತ್ತದೆ.

ಹಾಗಂತ ಜೈಲಲ್ಲಿ ಏನೂ ಮಾಡಲು ಆಗುವುದಿಲ್ಲ ಅಂತಲ್ಲ. ಅಮೆರಿಕದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ 2016ರಲ್ಲಿ ಜೈಲಿನೊಳಗೇ ಈ ಔಷಧಿಗಳನ್ನು ಕೊಡಲು ಶುರು ಮಾಡಿ, ಹೊರಗೆ ಬಂದ ಮೇಲೂ ಅದೇ ಚಿಕಿತ್ಸೆ ಮುಂದುವರಿಯುವ ಹಾಗೆ ಜೋಡಿಸಿತು. 2016 ಮತ್ತು 2017ರ ಮೊದಲ ಆರಾರು ತಿಂಗಳು ಹೋಲಿಸಿದರೆ, ಇತ್ತೀಚೆಗೆ ಜೈಲಿಂದ ಬಂದವರಲ್ಲಿ ಓವರ್‌ಡೋಸ್ ಸಾವು 26ರಿಂದ 9ಕ್ಕೆ ಇಳಿಯಿತು. ಸಂಖ್ಯೆ ಚಿಕ್ಕದು, ಸಣ್ಣ ರಾಜ್ಯ, ಒಪ್ಪುತ್ತೇನೆ. ಆದರೂ ನಾನು ಈ ಕೆಲಸದಲ್ಲಿ ಇರುವವರಿಗೆಲ್ಲ ಹೇಳುವುದು ಇದನ್ನೇ: ಒಳಗೆ ಏನು ಮಾಡಿದೆವು ಅನ್ನುವುದಕ್ಕಿಂತ ಗೇಟ್ ದಾಟಿದ ಮಾರನೇ ದಿನ ಅವನು ಎಲ್ಲಿಗೆ ಹೋಗುತ್ತಾನೆ ಅನ್ನುವುದೇ ಮುಖ್ಯ. ನಮ್ಮ ದೇಶದಲ್ಲೂ ದಿಲ್ಲಿಯ ತಿಹಾರ್ ಜೈಲಲ್ಲಿ ಬುಪ್ರಿನಾರ್ಫಿನ್ ಚಿಕಿತ್ಸೆ ಕೊಟ್ಟ ಉದಾಹರಣೆ ಇದೆ. ಅದು ಎಲ್ಲ ಜೈಲಿಗೂ ಬರಬೇಕು, ಅದು ಬೇರೆ ಜಗಳ.

ಮಾವನ ವ್ಯಾನ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ, ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುವಿನಿಂದ ಬರುವ ತೊಂದರೆಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿವೆ. ಅಂದರೆ ಇಂಥವರನ್ನು ಒಳರೋಗಿಗಳಾಗಿ ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ಆ ಕಾಯ್ದೆಯಡಿ ನೋಂದಣಿ ಆಗಿರಬೇಕು. ವಯಸ್ಕನನ್ನು ಅವನ ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ಅದಕ್ಕೆ ಕಾಯಿಲೆ ಅಷ್ಟು ಗಂಭೀರ ಇರಬೇಕು, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅದರಲ್ಲಿ ಒಬ್ಬರು ಮನೋವೈದ್ಯರು, ಮತ್ತು ಅದು ಮೊದಲ ಸಲಕ್ಕೆ 30 ದಿನ ಮೀರುವ ಹಾಗಿಲ್ಲ. ಸರಪಳಿಯಲ್ಲಿ ಕಟ್ಟುವುದನ್ನಂತೂ ಕಾಯ್ದೆ ಪೂರ್ತಿ ನಿಷೇಧಿಸಿದೆ. ನಾಲ್ಕು ಜನ ಬಂದು ಬೆಳಗಿನ ಜಾವ ಹಾಸಿಗೆಯಿಂದ ಎತ್ತಿಕೊಂಡು ಹೋಗುವುದಕ್ಕೆ ಈ ಕಾಯ್ದೆಯಲ್ಲಿ ಎಲ್ಲೂ ಜಾಗ ಇಲ್ಲ.

ಕಾನೂನು ಬಿಡಿ, ಪ್ರಯೋಜನವಾದರೂ ಇದೆಯಾ? ಮಲೇಷ್ಯಾದಲ್ಲಿ ಇದನ್ನು ನೇರವಾಗಿ ಹೋಲಿಸಿ ನೋಡಿದ್ದಾರೆ. ಸರ್ಕಾರವೇ ನಡೆಸುವ ಕಡ್ಡಾಯ ಕೇಂದ್ರಗಳಲ್ಲಿ ಕೂಡಿ ಹಾಕಿದ್ದವರು ಒಂದು ಕಡೆ, ತಾವಾಗಿಯೇ ಬಂದು ಮೆಥಡೋನ್ ಚಿಕಿತ್ಸೆ ತೆಗೆದುಕೊಂಡವರು ಇನ್ನೊಂದು ಕಡೆ. ಕೂಡಿ ಹಾಕಿದ್ದವರಲ್ಲಿ ಅರ್ಧದಷ್ಟು ಜನ ಬಿಡುಗಡೆಯಾಗಿ 31 ದಿನದೊಳಗೆ ಮತ್ತೆ ಶುರು ಮಾಡಿದ್ದರು. ತಾವಾಗಿಯೇ ಬಂದವರಲ್ಲಿ ಅರ್ಧ ಜನ ಆ ಹಂತ ಮುಟ್ಟಲು 352 ದಿನ ಬೇಕಾಯಿತು. ಕಡ್ಡಾಯ ಚಿಕಿತ್ಸೆಯ ಬಗ್ಗೆ ಒಟ್ಟಾರೆ ಒಳ್ಳೆಯ ಅಧ್ಯಯನಗಳು ಕಡಿಮೆಯೇ. ಇರುವವುಗಳನ್ನು 2016ರಲ್ಲಿ ಒಟ್ಟು ಹಾಕಿದವರಿಗೂ ಹೆಚ್ಚಿನವುಗಳಲ್ಲಿ ಲಾಭ ಕಾಣಲಿಲ್ಲ. ಮಾವ ಹಣ ಕೊಡಲು ತಯಾರಿದ್ದರೆ ಕೊಡಲಿ, ಆದರೆ ಮೊದಲು ಆ ಕೇಂದ್ರಕ್ಕೆ ಹೋಗಿ ನೋಂದಣಿ ಪತ್ರ ತೋರಿಸಿ ಅನ್ನಿ, ಮನೋವೈದ್ಯರ ಹೆಸರೇನು, ವಾರಕ್ಕೆ ಎಷ್ಟು ಸಲ ಬರುತ್ತಾರೆ ಅಂತ ಕೇಳಿ, ಮನೆಯವರ ಜೊತೆ ಫೋನಲ್ಲಿ ಮಾತಾಡಲು ಯಾವತ್ತಿನಿಂದ ಬಿಡುತ್ತೀರಿ ಅಂತ ಕೇಳಿ. ಮೊದಲ ತಿಂಗಳು ಯಾರೂ ನೋಡುವ ಹಾಗಿಲ್ಲ ಅಂದರೆ ಎದ್ದು ಬನ್ನಿ. ಡಿಸ್ಚಾರ್ಜ್ ಆದ ಮೇಲೆ ಏನು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲದವರಿಗೂ ಹಣ ಕೊಡಬೇಡಿ.

ಇನ್ನು ಕೇಸು. ಮೊದಲು ಎಫ್‌ಐಆರ್ ನಕಲು ಕೈಗೆ ತೆಗೆದುಕೊಂಡು ಯಾವ ಸೆಕ್ಷನ್ ಹಾಕಿದ್ದಾರೆ ಓದಿ. ನಾನು ವಕೀಲನಲ್ಲ, ಆದರೆ ಇಂಥ ಹುಡುಗರ ಕಾಗದ ನೋಡಿ ನೋಡಿ ಇಷ್ಟು ಗೊತ್ತು. ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ. ಎಂಡಿಎಂಎ ಅನ್ನುವ ಪಾರ್ಟಿ ಡ್ರಗ್ ಆಗಿದ್ದರೆ ಸಣ್ಣ ಪ್ರಮಾಣ ಅಂದರೆ ಬರೀ ಅರ್ಧ ಗ್ರಾಂ, 10 ಗ್ರಾಂ ಮೀರಿದರೇ ವಾಣಿಜ್ಯ, ಆಗ ಶಿಕ್ಷೆ ಹತ್ತು ವರ್ಷದಿಂದ ಶುರು. ನಿಮ್ಮ ತಮ್ಮನ 40 ಗ್ರಾಂ ಸಣ್ಣ ಪ್ರಮಾಣದ ಒಳಗೆ ಬರುತ್ತದೆ. ಇಟ್ಟುಕೊಂಡಿದ್ದಕ್ಕೆ ಸೆಕ್ಷನ್ 20ರಲ್ಲಿ ಒಂದು ವರ್ಷದವರೆಗೆ ಶಿಕ್ಷೆ ಅಥವಾ 10 ಸಾವಿರದವರೆಗೆ ದಂಡ ಅಥವಾ ಎರಡೂ. ಸೇದಿದ್ದಕ್ಕೆ ಸೆಕ್ಷನ್ 27ರಲ್ಲಿ ಆರು ತಿಂಗಳವರೆಗೆ ಅಥವಾ 10 ಸಾವಿರದವರೆಗೆ ದಂಡ ಅಥವಾ ಎರಡೂ. ಇದರ ಜೊತೆ ಮಾರಾಟ, ಸಂಚು, ಹಣ ಹೂಡಿಕೆ ಅಂತ ಬೇರೆ ಸೆಕ್ಷನ್‌ಗಳು ಸೇರಿದ್ದರೆ ಕಥೆಯೇ ಬೇರೆ. ಆಗ ನಾನು ಮುಂದೆ ಬರೆದಿರುವುದು ಅನ್ವಯಿಸುವುದಿಲ್ಲ.

ತಪ್ಪೊಪ್ಪಿಗೆ, ದಂಡ, ಮನೆಗೆ. ಬಹಳ ಕೇಸು ಹೀಗೇ ಮುಗಿಯುತ್ತವೆ. ಲಾಯರಿಗೂ ಸುಲಭ, ಕೋರ್ಟಿಗೂ ಸುಲಭ, ನಿಮಗೂ ಆ ದಿನ ನಿರಾಳ ಅನ್ನಿಸುತ್ತದೆ. ಆದರೆ ದಂಡ ಕಟ್ಟುವುದು ಟ್ರಾಫಿಕ್ ಚಲನ್ ಕಟ್ಟಿದ ಹಾಗಲ್ಲ, ಅದು ಅಪರಾಧ ಸಾಬೀತಾದ ತೀರ್ಪು. ನಾಳೆ ಸರ್ಕಾರಿ ಕೆಲಸಕ್ಕೆ, ಪಾಸ್‌ಪೋರ್ಟಿಗೆ, ವೀಸಾಕ್ಕೆ ಅರ್ಜಿ ಹಾಕುವಾಗ 'ಶಿಕ್ಷೆಯಾಗಿದೆಯೇ' ಅನ್ನುವ ಕಾಲಂ ಎದುರಿಗೆ ಬರುತ್ತದೆ. ಇದೇ ಕಾಯ್ದೆಯಲ್ಲಿ ಎರಡನೇ ಸಲ ಶಿಕ್ಷೆಯಾದರೆ ಅವಧಿ ಗರಿಷ್ಠದ ಒಂದೂವರೆ ಪಟ್ಟಿನವರೆಗೆ ಹೋಗಬಹುದು. ಚಟ ಇರುವವನು ಎರಡನೇ ಸಲ ಸಿಕ್ಕಿಬೀಳುವುದು ಅಪರೂಪವೇನಲ್ಲ.

ಇದೇ ಕಾಯ್ದೆಯಲ್ಲಿ ಇನ್ನೆರಡು ದಾರಿಗಳಿವೆ, ಲಾಯರ್ ಅದನ್ನು ಹೇಳಿದಂತೆ ಕಾಣಲಿಲ್ಲ. ಒಂದು ಸೆಕ್ಷನ್ 64ಎ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ, ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತೆಗೆದುಕೊಂಡರೆ ಆ ಆರೋಪದ ವಿಚಾರಣೆಯಿಂದಲೇ ವಿನಾಯಿತಿ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ವಾಪಸ್ ಹೋಗಬಹುದು. ಇನ್ನೊಂದು ಸೆಕ್ಷನ್ 39. ಇದು ಅಪರಾಧ ಸಾಬೀತಾದ ಮೇಲೆ ಬರುವುದು, ಶಿಕ್ಷೆ ಕೊಡುವ ಬದಲು ಅವನ ಒಪ್ಪಿಗೆ ಪಡೆದು, ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸುವುದು. ನಿಮಗೆ ಬೇಕಿರುವುದು ಮೊದಲನೆಯದು.

ಕಾಗದದ ಮೇಲೆ ಚೆನ್ನಾಗಿದೆ. ನಡೆಯುವುದು ಬೇರೆ. ಪಂಜಾಬಿನ 2013ರಿಂದ 2015ರ ಎನ್‌ಡಿಪಿಎಸ್ ಕೇಸುಗಳನ್ನು ವಿಧಿ ಎಂಬ ಕಾನೂನು ಸಂಶೋಧನಾ ಸಂಸ್ಥೆ ನೋಡಿದಾಗ ಕೋರ್ಟ್ ಮೂಲಕ ಚಿಕಿತ್ಸೆಗೆ ಹೋದವರು ಒಬ್ಬರೂ ಸಿಗಲಿಲ್ಲ. ಮುಂಬೈಯಲ್ಲಿ 2001ರಲ್ಲಿ ಕೊಕೇನ್ ಕೇಸಲ್ಲಿ ಸಿಕ್ಕ ಒಬ್ಬ ಹಿಂದಿ ನಟನಿಗೆ ಇದೇ 64ಎ ಅಡಿ ವಿನಾಯಿತಿ ಸಿಕ್ಕಿತು, ಅದೂ 2012ರಲ್ಲಿ. ಒಳ್ಳೆ ವಕೀಲರಿದ್ದೂ ಅಷ್ಟು ವರ್ಷ. ಯಾಕೆ ಹೀಗೆ ಅಂದರೆ ಕೋರ್ಟಿನಲ್ಲಿ ಯಾರೂ ಕೇಳುವುದೇ ಇಲ್ಲ. ಆರೋಪಿಗೆ ಗೊತ್ತಿರುವುದಿಲ್ಲ, ಲಾಯರಿಗೆ ಟೈಮಿರುವುದಿಲ್ಲ, ಆಸ್ಪತ್ರೆಯ ದಾಖಲೆ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ನೀವೇ ಕೇಳಬೇಕು. ಹಿಯರಿಂಗ್ ದಿನ ಬರುವ ಮೊದಲೇ ಅವನು ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಚಿಕಿತ್ಸೆ ಶುರು ಮಾಡಿದ್ದರೆ 'ತಾನಾಗಿಯೇ' ಅನ್ನುವ ಮಾತಿಗೆ ತೂಕ ಬರುತ್ತದೆ. ಒಂದು ತೊಡಕು ಇದೆ. ಈ ದಾರಿ ವ್ಯಸನಿಗೆ ಮಾತ್ರ. ವಾರಾಂತ್ಯಕ್ಕೊಮ್ಮೆ ಸೇದುವವನಿಗೆ ಚಟ ಇದೆ ಅಂತ ನಾವು ಬರೆಯಲು ಆಗುವುದಿಲ್ಲ, ಬರೆಯಿರಿ ಅಂತ ಕೇಳಲೂಬೇಡಿ. ಡಾಕ್ಟರು ಕಂಡಿದ್ದನ್ನು ಬರೆಯುತ್ತಾರೆ. ಕೇಸು ಗಾಂಜಾದ್ದು, ಮಾತ್ರೆ ಚಟ ಬೇರೆ, ಎರಡನ್ನೂ ಅರ್ಜಿಯಲ್ಲಿ ಹೇಗೆ ಹೇಳಬೇಕು ಅನ್ನುವುದನ್ನು ವಕೀಲರ ಜೊತೆ ಕೂತು ತೀರ್ಮಾನಿಸಿ. ಈಗಿನ ಲಾಯರಿಗೆ ಮನಸ್ಸಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲೇ ಇರುತ್ತದೆ, ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನ್ 15100.

ಕೋರ್ಟಿನ ಹೆದರಿಕೆಯಿಂದ ಏನೂ ಉಪಯೋಗ ಇಲ್ಲವಾ ಅಂದರೆ, ಇದೆ, ಸ್ವಲ್ಪ. ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಡ್ರಗ್ ಕೋರ್ಟ್ ಅಂತ ಶುರುವಾಯಿತು. ಜಡ್ಜ್ ಚಿಕಿತ್ಸೆಗೆ ಕಳಿಸುತ್ತಾರೆ, ಆಗಾಗ ಕರೆದು ಹೇಗಿದ್ದೀಯ ಅಂತ ಕೇಳುತ್ತಾರೆ, ತಪ್ಪಿದರೆ ಸಣ್ಣ ಶಿಕ್ಷೆ, ನಡೆದುಕೊಂಡರೆ ಮೆಚ್ಚುಗೆ. 2012ರಲ್ಲಿ 154 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ವಯಸ್ಕರ ಡ್ರಗ್ ಕೋರ್ಟುಗಳಲ್ಲಿ ಮತ್ತೆ ಅಪರಾಧ ಮಾಡುವವರ ಪ್ರಮಾಣ 50%ನಿಂದ ಸುಮಾರು 38%ಗೆ ಇಳಿದಿತ್ತು. ಅಮೆರಿಕದ ಹವಾಯಿಯಲ್ಲಿ ಪ್ರೊಬೇಷನ್ (ಜೈಲಿಗೆ ಹಾಕದೆ ಹೊರಗೆ ನಿಗಾದಲ್ಲಿ ಇಡುವುದು) ಮೇಲಿದ್ದವರಿಗೆ ಇನ್ನೊಂದು ಪ್ರಯೋಗ: ತಪ್ಪಿದ ತಕ್ಷಣ, ತಪ್ಪದೇ, ಒಂದೆರಡು ದಿನದ ಜೈಲು. ಅಲ್ಲಿ ಭಾರಿ ಫಲಿತಾಂಶ ಬಂತು. ಅದನ್ನೇ ಬೇರೆ ನಾಲ್ಕು ಕಡೆ ಮಾಡಿ ನೋಡಿದರೆ ಮಾಮೂಲಿ ಪ್ರೊಬೇಷನ್‌ಗಿಂತ ಏನೂ ಮೇಲಾಗಲಿಲ್ಲ, 2016ರಲ್ಲಿ ಅದೂ ಪ್ರಕಟವಾಯಿತು. ನನಗೆ ಅನ್ನಿಸುವುದು, ಬರೀ ಬೆತ್ತ ಹಿಡಿದರೆ ಸಾಲದು, ಬೆತ್ತದ ಹಿಂದೆ ಒಳ್ಳೆ ಆಸ್ಪತ್ರೆ ಇರಬೇಕು. ಹೊರದೇಶದಲ್ಲಿ ಇದು ಅಪರಾಧವೇ ಅಲ್ಲವಂತೆ ಅಂತ ನಿಮ್ಮ ತಮ್ಮ ವಾದ ಮಾಡಬಹುದು. ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯನ್ನು ಕ್ರಿಮಿನಲ್ ಅಪರಾಧದಿಂದ ತೆಗೆದು, ಸಿಕ್ಕವರನ್ನು ಒಂದು ಸಮಿತಿಯ ಮುಂದೆ ಕಳಿಸಿ ಚಿಕಿತ್ಸೆಗೆ ಜೋಡಿಸಿತು. ಅಮೆರಿಕದ ಆರೆಗಾನ್ ರಾಜ್ಯ 2021ರಲ್ಲಿ ಅಪರಾಧ ಅನ್ನುವುದನ್ನು ತೆಗೆಯಿತು, ಚಿಕಿತ್ಸೆ ವ್ಯವಸ್ಥೆ ಅದರ ಹಿಂದೆ ಕುಂಟುತ್ತಾ ಬಂತು, 2024ರಲ್ಲಿ ವಾಪಸ್ ಅಪರಾಧ ಮಾಡಿದರು. ವಾದ ಅಷ್ಟಕ್ಕೇ ನಿಲ್ಲಿಸಿ, ಅವನ ಕೇಸು ಇಲ್ಲಿಯ ಕೋರ್ಟಲ್ಲಿದೆ.

ಅವನು ಬರಲು ಒಪ್ಪದಿದ್ದರೆ? ಅಕ್ಕನಾಗಿ ನೀವು ಏನು ಮಾಡಬಹುದು ಅನ್ನುವುದರ ಮೇಲೂ ಅಧ್ಯಯನ ಆಗಿದೆ. ಕುಡಿತದ ತೊಂದರೆ ಇರುವವರ 130 ಮನೆಯವರನ್ನು ಮೂರು ಗುಂಪು ಮಾಡಿ 1999ರಲ್ಲಿ ನೋಡಿದರು. ಎಲ್ಲರೂ ಸೇರಿ ಒಂದು ದಿನ ಕೂರಿಸಿ ತರಾಟೆಗೆ ತೆಗೆದುಕೊಳ್ಳುವ ವಿಧಾನದಲ್ಲಿ 30% ಜನ ಚಿಕಿತ್ಸೆಗೆ ಬಂದರು. ಮನೆಯವರು ಕುಡಿತದ ವಿಷಯಕ್ಕೆ ಹೋಗದೆ ದೂರ ನಿಂತು ತಮ್ಮನ್ನು ತಾವು ನೋಡಿಕೊಳ್ಳುವ ವಿಧಾನದಲ್ಲಿ 13%. ಮನೆಯವರಿಗೆ ಮಾತಾಡುವ ರೀತಿ ಕಲಿಸಿದ ಗುಂಪಿನಲ್ಲಿ 64%. ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ನಶೆ ಇಲ್ಲದ ದಿನ ಜೊತೆಗೆ ಕೂತು ಊಟ ಮಾಡಿ, ಮಾತಾಡಿ, ಹೊರಗೆ ಕರೆದುಕೊಂಡು ಹೋಗಿ. ನಶೆಯಲ್ಲಿ ಬಂದ ದಿನ ಜಗಳ ಬೇಡ, ಸುಮ್ಮನೆ ಎದ್ದು ಹೋಗಿ. ಅವನ ಸಾಲ ತೀರಿಸಬೇಡಿ, ಅವನ ಪರವಾಗಿ ಸುಳ್ಳು ಹೇಳಬೇಡಿ. ಆಸ್ಪತ್ರೆ ಮಾತನ್ನು ಅವನೇ ಬೇಸರದಲ್ಲಿರುವ ಹೊತ್ತು ನೋಡಿ ಎತ್ತಿ, ಅಪಾಯಿಂಟ್‌ಮೆಂಟ್ ಆಗಲೇ ರೆಡಿ ಇರಲಿ.

ಮೆಡಿಕಲ್ ಶಾಪಿನಿಂದ ಯೂರಿನ್ ಕಿಟ್ ತಂದು ದಿನಾ ಪರೀಕ್ಷೆ ಮಾಡುವ ಅಪ್ಪಂದಿರನ್ನು ಬಹಳ ನೋಡಿದ್ದೇನೆ, ನಿಮ್ಮ ಮನೆಯಲ್ಲೂ ಆ ಯೋಚನೆ ಬರಬಹುದು. ದಿನಾ ಸೇದುತ್ತಿದ್ದವನಿಗೆ ಗಾಂಜಾ ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಬರುತ್ತದೆ, ನಿಜ ಹೇಳುತ್ತಿರುವವನಿಗೆ ಏಟು ಬೀಳುತ್ತದೆ. ಅದೇ ಮಾಮೂಲಿ ಪಟ್ಟಿಯಲ್ಲಿ ಟಪೆಂಟಡಾಲ್‌ನಂಥ ಮಾತ್ರೆಗಳು ಕಾಣುವುದೇ ಇಲ್ಲ, ಆ ಪಟ್ಟಿ ಹುಡುಕುವುದು ಅಫೀಮು, ಹೆರಾಯಿನ್ ಥರದ್ದನ್ನು. ಅಪಾಯ ಇರುವುದರಲ್ಲೇ ನೆಗೆಟಿವ್ ಬಂದು ಮನೆಯವರು ಹಾಯಾಗಿ ಮಲಗುತ್ತಾರೆ. ಆ ಹಣ ಉಳಿಸಿ.

ಮತ್ತೆ ಮರುಕಳಿಸಿದರೆ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಚಿಕಿತ್ಸೆ ತೆಗೆದುಕೊಂಡವರಲ್ಲೂ ಒಂದು ವರ್ಷದೊಳಗೆ ನೂರಕ್ಕೆ 40ರಿಂದ 60 ಜನರಿಗೆ ಮರುಕಳಿಸುತ್ತದೆ ಅನ್ನುವುದು ಈ ಕ್ಷೇತ್ರದ ಹಳೆಯ ಲೆಕ್ಕ. ಇನ್ನೊಂದು ಲೆಕ್ಕ ಇದಕ್ಕಿಂತ ಬೇಜಾರಿನದು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಓಪಿಯಾಯ್ಡ್ ಬಳಕೆಗೆ ಸಹಾಯ ಬೇಕಿರುವವರು ಸುಮಾರು 77 ಲಕ್ಷ, ಮತ್ತು ಅಕ್ರಮ ಮಾದಕ ವಸ್ತುವಿನ ಚಟ ಇರುವ 20 ಜನರಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಸಿಕ್ಕಿತ್ತು. ಕ್ಯೂ ಇರುತ್ತದೆ, ಬೆಡ್ ಇಲ್ಲ ಅನ್ನಬಹುದು, ಡಾಕ್ಟರ್ ಆ ದಿನ ರಜೆ ಇರಬಹುದು. ಹೊರರೋಗಿಯಾಗಿಯೇ ಶುರು ಮಾಡಲು ಆಗುತ್ತದೆ, ಬೆಡ್‌ಗೆ ಕಾಯಬೇಡಿ.

ನಾಳೆ ಬೆಳಿಗ್ಗೆ ಓಪಿಡಿ ಚೀಟಿ ಕೊಡುವ ಹೊತ್ತಿಗೇ ಹೋಗಿ. ಆಧಾರ್, ರೇಷನ್ ಕಾರ್ಡ್, ಜೈಲಲ್ಲಿ ಏನಾದರೂ ಔಷಧಿ ಕೊಟ್ಟಿದ್ದರೆ ಅದರ ಚೀಟಿ, ಮನೆಯಲ್ಲಿ ಉಳಿದಿರುವ ಮಾತ್ರೆಯ ಖಾಲಿ ಸ್ಟ್ರಿಪ್ ಇದ್ದರೆ ಅದನ್ನೂ ತೆಗೆದುಕೊಳ್ಳಿ, ಹೆಸರು ಗೊತ್ತಾಗುತ್ತದೆ. ಒಳಗೆ ಹೋದಾಗ ಅವನನ್ನು ಸ್ವಲ್ಪ ಹೊತ್ತು ಡಾಕ್ಟರ ಜೊತೆ ಒಬ್ಬನನ್ನೇ ಬಿಡಿ, ಅಕ್ಕನ ಎದುರು ಹೇಳಲಾಗದ್ದು ಇರುತ್ತದೆ. ಪ್ರತಿ ಸಲದ ಚೀಟಿಯನ್ನೂ ಒಂದು ಫೈಲಲ್ಲಿ ಹಾಕಿಡಿ, ಲಾಯರಿಗೆ ಜೆರಾಕ್ಸ್ ಕೊಡಿ, ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ. ರಾತ್ರಿ ಹೊತ್ತು ಏನಾದರೂ ಕೇಳಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಚಟದ ಬಗ್ಗೆಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446.